ಟೆಂಟಿನಿಂದ ಮೆಜೆಸ್ಟಿಕ್ಕಿಗೆ: ಶಿಡ್ಲಘಟ್ಟ ಸೀಮೆಯ ಸಿನಿಮಾ ನೆನಪುಗಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಚಲನಚಿತ್ರ ಚರಿತ್ರೆಯ ಗ್ರಂಥಗಳು ಇಂತಹ ದಿನಾಂಕಗಳನ್ನು ಆಧರಿಸಿ ಮುಂದುವರಿಯುತ್ತವೆ. ಜನರ ನೆನಪಿನ ಲೆಕ್ಕ ಬೇರೆ. ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್ ದೂರದ ಶಿಡ್ಲಘಟ್ಟ ಸೀಮೆಯಲ್ಲಿ ಹಿರಿಯರನ್ನು ಹಳೆಯ ಸಿನಿಮಾದ ಬಗೆಗೆ ವಿಚಾರಿಸಿದರೆ, ಅವರು ಇಸವಿಯನ್ನು ಹೇಳುವುದಿಲ್ಲ. ‘ಗೂಡು ಮಾರಿದ ವಾರ’ ಎನ್ನುತ್ತಾರೆ.

ಇದಕ್ಕೆ ಕಾರಣ ರೇಷ್ಮೆ. ಹುಳು ಮೊಟ್ಟೆಯೊಡೆದು ಗೂಡು ಕಟ್ಟಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಹಗಲಿರುಳು ಸೊಪ್ಪು ಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಯವರಾರೂ ಅತ್ತಿತ್ತ ಕದಲುವಂತಿಲ್ಲ. ಹೀಗಾಗಿ ರೈತಾಪಿ ಮನೆಗಳಲ್ಲಿ ಮನರಂಜನೆ ಬೆಳೆಯ ಕೊನೆಗೆ ಬರುವ ಸಂಗತಿ. ಪಟ್ಟಣದ ನೂಲು ಬಿಚ್ಚಾಣಿಕೆಯ ಕೂಲಿಕಾರರದು ಹಾಗಲ್ಲ. ದಿನದ ಕೂಲಿ, ರಾತ್ರಿಯ ಆಟ.

ಟೆಂಟು ಊರಿಗೆ ಬರುತ್ತಿತ್ತು. ಬಯಲಿನಲ್ಲಿ ಗುಡಾರ ನಿಂತು, ಸಂಜೆ ಧ್ವನಿವರ್ಧಕದಿಂದ ಘಂಟಸಾಲ ವೆಂಕಟೇಶ್ವರರಾವ್ ಅವರ ಕಂಠದ ವೆಂಕಟೇಶಸ್ತುತಿ ಕೇಳಿಬಂದರೆ, ಟಿಕೆಟ್ ಕೊಡಲು ಆರಂಭವಾಯಿತೆಂದೇ ಅರ್ಥ. ಹೊಲದಲ್ಲಿದ್ದವರಿಗೆ ಅದೇ ಗಡಿಯಾರ. ತೆಲುಗು ಕನ್ನಡಗಳೆರಡನ್ನೂ ಆಡುವ ಈ ಗಡಿಸೀಮೆಯಲ್ಲಿ ಆ ಹಾಡು ಯಾವ ಭಾಷೆಯದೆಂದು ಕೇಳುವವರಿರಲಿಲ್ಲ. ನೆಲದವರು ಮಣ್ಣನ್ನು ಗುಡ್ಡೆ ಮಾಡಿ ಎತ್ತರದ ಆಸನ ಮಾಡಿಕೊಳ್ಳುತ್ತಿದ್ದರು. ಹಿಂದಿನವರ ಬೈಗುಳವೂ ಆಟದ ಭಾಗವೇ. ಒಂದೇ ಪ್ರೊಜೆಕ್ಟರ್ ಇದ್ದೆಡೆ ರೀಲು ಬದಲಿಸುವಾಗಲೆಲ್ಲ ಬಿಡುವು. ಸ್ತುತಿಯಿಂದ ತೊಡಗುವುದು, ನೆಲದ ಮೇಲೆ ಕೂರುವುದು, ನಡುನಡುವೆ ಮಾತಿಗೆ ಎಡೆಯಿರುವುದು ಬಯಲಾಟದ ಕ್ರಮಗಳೇ ಆಗಿವೆ. ಸಿನಿಮಾ ಜನಪದ ಕಲೆಗಳನ್ನು ನುಂಗಿತೆಂಬ ನಮ್ಮ ವಿದ್ವತ್ತಿನ ರೂಢಿಯ ಮಾತನ್ನು ಟೆಂಟಿನ ಮಟ್ಟಿಗಾದರೂ ತಿದ್ದಿಕೊಳ್ಳಬೇಕಾಗಿದೆ. ಸಂಚಾರಿ ಚಿತ್ರಮಂದಿರಗಳಿಗೆ ದೊರೆಯುತ್ತಿದ್ದುದು ತಾತ್ಕಾಲಿಕ ಪರವಾನಗಿ ಮಾತ್ರ. ಆದ್ದರಿಂದ ಟೆಂಟು ಜಾತ್ರೆಯಂತೆ ಬಂದು, ಜಾತ್ರೆಯಂತೆ ಕಿತ್ತು ಹೋಗುತ್ತಿತ್ತು.

ಮೆಜೆಸ್ಟಿಕ್ ಯಾತ್ರೆ. ಯಲಹಂಕದ ಕಡೆಗೆ ಸಾಗುವ ಪುಟ್ಟ ನ್ಯಾರೋಗೇಜ್ ರೈಲು ಇಲ್ಲವೆ ಬಸ್ಸು ಹಿಡಿದು, ಕೆಂಪೇಗೌಡ ರಸ್ತೆಯಲ್ಲಿ ಸಾಲಾಗಿದ್ದ ಚಿತ್ರಮಂದಿರಗಳನ್ನು ನೋಡಿದ್ದೇ ಒಂದು ಕಥನ. ಹೋಗಿಬಂದವರು ಚಿತ್ರದ ಕಥೆಗಿಂತ ಕಟ್ಟಡ, ದೀಪ, ಕಟೌಟು, ಹೋಟೆಲಿನ ದೋಸೆಗಳನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. 1968ರಲ್ಲಿ ಆರಂಭವಾದ ಕಪಾಲಿ ಅಂತಹ ವರ್ಣನೆಗಳ ಶಿಖರ. ಅದನ್ನು 2017ರಲ್ಲಿ ಕೆಡವಲಾಯಿತು. ಮೆಜೆಸ್ಟಿಕ್ ಚಿತ್ರಮಂದಿರವೂ ಇಲ್ಲ, ಆದರೆ ಅದರ ಹೆಸರು ಇಡೀ ಪ್ರದೇಶಕ್ಕೆ ಉಳಿದಿದೆ. ಶಿಡ್ಲಘಟ್ಟದ ನ್ಯಾರೋಗೇಜ್ ಹಳಿಯೂ ಹೋಗಿ, 2013ರಲ್ಲಿ ಅಲ್ಲಿ ಬ್ರಾಡ್‌ಗೇಜ್ ಬಂದಿತು.

ಈ ಯಾತ್ರೆಯ ಕಥನಗಳನ್ನು ಹೇಳುವವರು ಬಹುಪಾಲು ಗಂಡಸರು. ರೇಷ್ಮೆ ಮಾರಾಟ, ಕಚೇರಿ ಕೆಲಸ ಮುಂತಾದ ನೆಪಗಳು ಅವರಿಗಿದ್ದವು. ಹುಳುಮನೆಯ ಹೆಣ್ಣುಮಕ್ಕಳ ಸಿನಿಮಾ ನೆನಪು ಹೆಚ್ಚಾಗಿ ಟೆಂಟಿನದು. ಚಿತ್ರಮಂದಿರಗಳ ಹೆಸರು ಕೇಳುತ್ತ ಹೋಗುವ ಸಂಗ್ರಾಹಕನಿಗೆ ಅವರು ‘ನಮಗೇನೂ ಗೊತ್ತಿಲ್ಲ’ ಎಂದುಬಿಡುತ್ತಾರೆ. ಸಂಜೆಯ ಆ ಹಾಡಿನ ವಿಷಯ ಎತ್ತಿದರೆ, ಸೊಪ್ಪು ಕತ್ತರಿಸುವ ಕೈ ನಿಲ್ಲಿಸಿ ಮಾತಿಗೆ ತೊಡಗುತ್ತಾರೆ.