ಬೇಲಿ ಹೂವಿಗೂ ಹೂದಾನಿಯಲ್ಲಿ ಜಾಗ

ಹೂಗಳ ನಡುವೆ ಒಂದು ಕೋಸಿನ ಎಲೆ. ಇವತ್ತು ಯಾರೂ ಹುಬ್ಬೇರಿಸಲ್ಲ. ಅದನ್ನು ಅಲ್ಲಿಗೆ ಧೈರ್ಯವಾಗಿ ತಂದವರು ಲಂಡನ್ನಿನ ಕಾನ್‌ಸ್ಟನ್ಸ್ ಸ್ಪ್ರೈ.

ಕಾರ್ಖಾನೆಯಲ್ಲಿ ದುಡಿಯುವ ಹದಿಹರೆಯದವರ ಶಾಲೆಗೆ ಮುಖ್ಯೋಪಾಧ್ಯಾಯಿನಿ ಆಗಿದ್ದವರು, ನಲವತ್ತು ದಾಟಿದ ಮೇಲೆ ಹೂವಿನಂಗಡಿ ತೆರೆದರು. ಓಲ್ಡ್ ಬಾಂಡ್ ಸ್ಟ್ರೀಟಿನ ಅತ್ತರಿನ ಅಂಗಡಿಯ ಗಾಜಿನ ಕಿಟಕಿಯಲ್ಲಿ ಇವರು ಜೋಡಿಸಿದ್ದು ದುಬಾರಿ ಆರ್ಕಿಡ್ ಒಂದನ್ನೇ ಅಲ್ಲ. ಬೇಲಿ ಮೇಲೆ ತಾನಾಗಿ ಹಬ್ಬಿದ ಬಳ್ಳಿಯನ್ನೂ!

ಹೂದಾನಿ ಇಲ್ಲವೇ? ಅಡುಗೆಮನೆಯ ಸಾರಿನ ಬಟ್ಟಲೇ ಸಾಕು ಅಂದರು. ಅದರೊಳಗೆ ಮುದುರಿ ತುರುಕಿದ ಕೋಳಿಗೂಡಿನ ತಂತಿ ಜಾಲರಿ. ಜಾಲರಿಯ ಕಣ್ಣಿಗೆ ಸಿಕ್ಕ ಕಾಂಡ ತನ್ನಿಷ್ಟದಂತೆ ಬಾಗಿ ನಿಲ್ಲುತ್ತೆ, ಗಿಡದಲ್ಲಿ ಇದ್ದ ಹಾಗೇ. ನನಗೆ ಅವರ ದೊಡ್ಡ ಕೊಡುಗೆ ಇದೇ ಅನಿಸುತ್ತೆ. ಕಾಂಡ ಚುಚ್ಚಿ ನಿಲ್ಲಿಸುವ ಪ್ಲಾಸ್ಟಿಕ್ ಫೋಮ್ ಬೇಡವೆನ್ನುವ ಇಂದಿನ ವಿನ್ಯಾಸಕರು ಮತ್ತೆ ಈ ಜಾಲರಿಗೇ ಮರಳಿದ್ದಾರೆ.

1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕಕ್ಕೂ ಇವರದೇ ಹೂವಿನ ಅಲಂಕಾರ. ಸ್ಪ್ರೈ 1960ರಲ್ಲಿ ತೀರಿಕೊಂಡರು. ಮರುವರ್ಷ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್ ತಮ್ಮ ಮೊದಲ ತಳಿಗೆ ಇವರ ಹೆಸರಿಟ್ಟರು. ವರ್ಷಕ್ಕೊಮ್ಮೆ, ಬೇಸಿಗೆಯ ಆರಂಭದಲ್ಲಿ, ತಿಳಿಗುಲಾಬಿ ಬಣ್ಣದ ಆ ಹೂ ಬಟ್ಟಲಿನಂತೆ ತುಂಬಿ ಅರಳುತ್ತೆ.