ಇಪ್ಪತ್ತೈದು ಲೆಂತ್ ಪೈಪು, ಒಂದು ಹಸಿರು ಮಡಿ

ಮಾರ್ಚ್ ಬಿಸಿಲಲ್ಲಿ ಮೊಳಕಾಲ್ಮೂರಿನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ ನಿಂತರೆ ಕೆಳಗೆ ಬಂಡೆ, ಕುರುಚಲು, ಶೇಂಗಾ ಕಿತ್ತು ಖಾಲಿ ಬಿಟ್ಟ ಹೊಲ. ಜಟಾಯು ಬಿದ್ದ ಜಾಗವೆಂದು ಜನ ನಂಬಿರುವ, 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆಹಚ್ಚಿದ ಬೆಟ್ಟವಿದು. ಆದರೆ ನನ್ನ ಕಣ್ಣು ಶಾಸನದ ಮೇಲಿರಲಿಲ್ಲ. ಒಣ ನೆಲದ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಮಡಿ ಕಾಣುತ್ತಿತ್ತು. ಅದೇ ವಾರದ ಸೆಂಟಿನೆಲ್ ಉಪಗ್ರಹದ ಚಿತ್ರ ಮೊಬೈಲಿನಲ್ಲಿತ್ತು. ಹೋಲಿಸುತ್ತ ಹೋದೆ, ಒಂದು ಮಡಿಯೂ ತಪ್ಪಿರಲಿಲ್ಲ!

ಮಳೆ ನಿಂತು ತಿಂಗಳುಗಳಾದ ಈ ಸೀಮೆಯಲ್ಲಿ ಬೆಳೆ ಹಸಿರಾಗಿದೆ ಎಂದರೆ ಪಕ್ಕದಲ್ಲೆಲ್ಲೋ ಮೋಟರ್ ಓಡುತ್ತಿದೆ ಎಂದೇ ಅರ್ಥ. ಬೆವರಿದ ಮೈಯಂತೆ, ನೀರು ಕುಡಿದ ಬೆಳೆ ಒಣ ನೆಲಕ್ಕಿಂತ ತಂಪಾಗಿರುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹ ಆ ಶಾಖವನ್ನು ಅಳೆಯುತ್ತದೆ. ಅದರಿಂದ ಎಷ್ಟು ನೀರು ಆವಿಯಾಯಿತೆಂದು ಲೆಕ್ಕ ಹಾಕುವ 'ಸೆಬಾಲ್' ವಿಧಾನ 1998ರಿಂದಲೂ ಇದೆ. ಎಕರೆಯಿಂದ ಒಂದು ಮಿಲಿಮೀಟರ್ ನೀರು ಹೋದರೆ 4,047 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಹಿಡಿದರೂ 20 ಸಾವಿರ ಲೀಟರ್ ದಾಟಿತು. ನೀರು ಗೊತ್ತಾದರೆ ಅದನ್ನೆತ್ತಿದ ಕರೆಂಟೂ ಗೊತ್ತಾದಂತೆ ಎಂದುಕೊಂಡೇ ಬೆಟ್ಟ ಇಳಿದೆ.

ತಪ್ಪಲಿನ ಈರುಳ್ಳಿ ಮಡಿಯಲ್ಲಿ ಯಜಮಾನರೊಬ್ಬರು ನೀರು ತಿರುಗಿಸುತ್ತಿದ್ದರು. ಬೋರ್ ಎಷ್ಟು ಅಡಿ ಎಂದು ಕೇಳಿದ್ದಕ್ಕೆ ಅವರು ಅಡಿಯಲ್ಲಿ ಹೇಳಲೇ ಇಲ್ಲ. "ಮೊದ್ಲು ಹನ್ನೆರಡು ಲೆಂತಿಗೇ ನೀರಿತ್ತು ಕಣಪ್ಪ. ಈಗ ಇಪ್ಪತ್ತೈದು ಬಿಟ್ಟೀವಿ. ಅರ್ಧ ಗಂಟೆ ಎತ್ತೈತೆ, ಆಮೇಲೆ ಗಾಳಿ ಬತ್ತೈತೆ."

ಲೆಂತ್ ಎಂದರೆ ಬೋರಿಗೆ ಇಳಿಸುವ ಇಪ್ಪತ್ತಡಿಯ ಒಂದು ಪೈಪು. ಈ ಅಳತೆ ಅಂದಿನಿಂದ ನನ್ನ ತಲೆಯಿಂದ ಹೋಗಿಲ್ಲ. ಮೋಟರ್ ಸುಟ್ಟಾಗಲೆಲ್ಲ ಒಂದೊಂದೇ ಲೆಂತ್ ಮೇಲೆತ್ತಿ, ಬಿಚ್ಚಿ, ಸಾಲಾಗಿ ಮಲಗಿಸುತ್ತಾರೆ. ಹೊಲದ ಬದುವಿನಲ್ಲಿ ಅಂತರ್ಜಲದ ಆಳ ಬಿಸಿಲಿಗೆ ಬಿದ್ದಿರುತ್ತದೆ. ಮನೆಯ ಮಕ್ಕಳಿಗೂ ಆ ಎಣಿಕೆ ಗೊತ್ತು. ಇಪ್ಪತ್ತೈದು ಲೆಂತ್ ಎಂದರೆ 500 ಅಡಿ. ನೀರು ಪೈಪಿನ ತುದಿಯವರೆಗೆ ಇಳಿದಿದ್ದರೆ, 20 ಸಾವಿರ ಲೀಟರ್ ಎತ್ತಲು ಚೂರೂ ನಷ್ಟವಿಲ್ಲದ ಪಂಪಿಗೆ ಸುಮಾರು 8 ಯೂನಿಟ್ ಸಾಕು. ನೂರರಲ್ಲಿ ನಲವತ್ತು ಪಾಲು ಶಕ್ತಿಯಷ್ಟೇ ಕೆಲಸಕ್ಕೆ ಬರುವ ಪಂಪಿಗೆ 20 ಬೇಕು. ಹನ್ನೆರಡು ಲೆಂತಿನ ಕಾಲದಲ್ಲಿ ಇದರ ಅರ್ಧದಲ್ಲಿ ಮುಗಿಯುತ್ತಿತ್ತು. ಎರಡು ಕಾಲದ ಈರುಳ್ಳಿಯೂ ಮೇಲಿನಿಂದ ಒಂದೇ ಹಸಿರು. ಗಾಳಿ ಎತ್ತುತ್ತ ಓಡಿದ ಮೋಟರಿನ ಯೂನಿಟ್ಟಂತೂ ಯಾವ ಚಿತ್ರಕ್ಕೂ ಸಿಗುವುದಿಲ್ಲ.

ಇನ್ನೂ ತೊಡಕುಗಳಿವೆ. ಲ್ಯಾಂಡ್‌ಸ್ಯಾಟ್ ಶಾಖ ಅಳೆಯುವ ಚೌಕ 100 ಮೀಟರಿನದು, ಅಂದರೆ ಸುಮಾರು ಎರಡೂವರೆ ಎಕರೆ. ಎಕರೆ ಈರುಳ್ಳಿ ಪಕ್ಕದ ಬೀಳಿನ ಜೊತೆ ಬೆರೆತು ಬೆಚ್ಚಗಾಗಿಬಿಡುತ್ತದೆ. ಸೆಂಟಿನೆಲ್-2ರ 10 ಮೀಟರ್ ಚೌಕಗಳು ಎಕರೆಗೆ ನಲವತ್ತು ಸಿಗುತ್ತವೆ. ಆದರೆ ಅದಕ್ಕೆ ಶಾಖ ತಿಳಿಯದು.

ಉಪಗ್ರಹದಿಂದ ನೆಲ ನೋಡುವುದು ನಮಗೇನೂ ಹೊಸ ವಿದ್ಯೆಯಲ್ಲ. ರಾಜ್ಯದ ದೂರಸಂವೇದಿ ಕೇಂದ್ರ 1986ರದು, ದೇಶದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದ್ದು 1988ರಲ್ಲಿ. 2025ರ ಜುಲೈನಲ್ಲಿ ಹಾರಿದ ನಿಸಾರ್ ಉಪಗ್ರಹ 12 ದಿನಕ್ಕೊಮ್ಮೆ ಮಣ್ಣಿನ ತೇವವನ್ನೂ ನೋಡಬಲ್ಲದು. ಇಸ್ರೊ, ಡಿಆರ್‌ಡಿಒ, ಐಐಎಸ್‌ಸಿ ಎಲ್ಲಕ್ಕೂ ಪಕ್ಕದ ಚಳ್ಳಕೆರೆಯ ಕಾವಲುಗಳಲ್ಲಿ ಜಾಗ ಸಿಕ್ಕಿದೆ. ಕಾವಲು ಬಿಟ್ಟುಕೊಟ್ಟ ಸೀಮೆಯ ಬೋರ್‌ವೆಲ್‌ಗಳ ಲೆಕ್ಕಕ್ಕೂ ಆ ವಿಜ್ಞಾನ ಒದಗಬೇಕೆಂಬುದು ನನ್ನ ಆಸೆ.

ರಾಜ್ಯದಲ್ಲಿ ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಹುಪಾಲು ಪಂಪಿಗೆ ಮೀಟರೂ ಇಲ್ಲ. ಹಾಗಾಗಿ ಉಪಗ್ರಹದ ಮಾತೆತ್ತಿದರೆ ಬಿಲ್ ಬರುತ್ತದೆಂಬ ಅಂಜಿಕೆ ರೈತರಿಗೆ ಸಹಜ. ಚಿತ್ರ ಮೊದಲು ಅವರ ಕೈಗೇ ಹೋಗಬೇಕು, ಲೆಂತಿನ ಎಣಿಕೆಯನ್ನು ಅವರೇ ತುಂಬಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಯಜಮಾನರು ಮೊಬೈಲ್ ಇಸಕೊಂಡು ತಮ್ಮ ಮಡಿ ಗುರುತಿಸಿದರು. ಬೆರಳು ಪಕ್ಕದ ಕಂದು ಚೌಕಕ್ಕೆ ಸರಿಯಿತು. "ಇದು ನಮ್ಮಣ್ಣಂದು. ಬೋರು ನಿಂತೋತು." ಹೋದ ಮಾರ್ಚ್‌ನ ಚಿತ್ರ ತೆಗೆದೆ, ಅದರಲ್ಲೂ ಕಂದು. ಅದರ ಹಿಂದಿನ ವರ್ಷದ್ದು ಹಸಿರು. "ಇನ್ನೂ ಹಿಂದಕ್ಕೋಗಪ್ಪ" ಎಂದರು. ಮೋಟರ್ ಗಾಳಿ ಎತ್ತಲು ಶುರು ಮಾಡಿತ್ತು. ಅವರು ಎದ್ದು ಹೋಗಿ ಸ್ಟಾರ್ಟರ್ ಆಫ್ ಮಾಡಿ ಬಂದು ಮತ್ತೆ ಪಕ್ಕದಲ್ಲಿ ಕೂತರು.