ಅಕ್ಷರಾರಂಭಕ್ಕೆ ಮುನ್ನ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಶಿಶುವಿಗೆ ಅಕ್ಷರವು ಒಂದೇ ಬಾಗಿಲಿನಿಂದ ಬರುವುದಿಲ್ಲ. ಜೂನಿಯರ್ ಕೆ.ಜಿ.ಯಲ್ಲಿ ಇಂಗ್ಲಿಷಿನ ನಾಲ್ಕು ಗೆರೆಗಳ ಪುಸ್ತಕ, ಮುಂದಣ ತರಗತಿಗಳಲ್ಲಿ ಶಿರೋರೇಖೆ ಹೊತ್ತ ಮರಾಠಿ, ಮನೆಯಲ್ಲಿ ಅಜ್ಜಿಯ ಒತ್ತಾಸೆಯಿಂದ ವರ್ತುಲಾಕಾರದ ಕನ್ನಡ, ಹೀಗೆ ಮೂರು ಲಿಪಿಗಳ ಭಾರವನ್ನು ಹೊರಬೇಕಾದ ಆ ಕೈ ಇನ್ನೂ ಎಷ್ಟು ಎಳೆಯದೆಂಬುದನ್ನು ತಂದೆತಾಯಿಗಳೂ ಶಿಕ್ಷಕರೂ ಸಾವಧಾನದಿಂದ ಆಲೋಚಿಸಬೇಕಾಗಿದೆ.

ನವಜಾತ ಶಿಶುವಿನ ಮಣಿಕಟ್ಟಿನಲ್ಲಿ ಗಟ್ಟಿಯಾದ ಎಲುಬೇ ಇರುವುದಿಲ್ಲ. ಮುಂದೆ ಎಂಟು ಎಲುಬುಗಳಾಗಬೇಕಾದುದೆಲ್ಲವೂ ಆಗ ಮೃದ್ವಸ್ಥಿಯೇ. ಮೊದಲ ವರ್ಷದಲ್ಲಿ ಎರಡು ಗಟ್ಟಿಗೊಳ್ಳತೊಡಗಿ, ಉಳಿದವು ಒಂದೊಂದಾಗಿ ಅನುಸರಿಸಿ, ಕೊನೆಯದು ಸುಮಾರು 8ರಿಂದ 12 ವರ್ಷಗಳ ನಡುವೆ ರೂಪುಗೊಳ್ಳುತ್ತದೆ. ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಗೀಚುವ ಕೂಸು, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಹಿಡಿತದಲ್ಲಿ ಬೆರಳ ತುದಿಗಳನ್ನೇ ಆಡಿಸಿ ಬರೆಯುವಂತಾಗುವುದು ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರರ ವಯಸ್ಸಿನಲ್ಲಿ. ಎರಡಕ್ಕೆ ನೇರ ಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡುಗೆರೆ, ಐದಕ್ಕೆ ಚೌಕ, ಅನಂತರ ತ್ರಿಕೋನ: ಸ್ಥೂಲವಾಗಿ ಇದು ಕೈ ಬೆಳೆಯುವ ಕ್ರಮ. ಮೂರೂವರೆಯ ಮಗುವಿಗೆ ಪುಟ ತುಂಬ ಅಕ್ಷರ ತಿದ್ದಲು ಹೇಳುವವರು ಈ ಕ್ರಮವನ್ನೇ ಉಲ್ಲಂಘಿಸುತ್ತಾರೆ. ಅದು ಶಿಕ್ಷಣವಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಇದನ್ನು ಅರಿತ ಮಹಾನುಭಾವರು ಇದೇ ಪ್ರಾಂತದಲ್ಲಿ ಬಾಳಿಹೋದರು. ರೋಮಿನಲ್ಲಿ 1907ರಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸ್ಸರಿಯವರು, ಗುಬುಟುಳ್ಳ ಮರದ ಉರುಳೆಗಳನ್ನು ಮೂರು ಬೆರಳುಗಳಿಂದ ಎತ್ತಿಡುವ ಮಗು ಲೇಖನಿ ಹಿಡಿಯುವ ಅಭ್ಯಾಸವನ್ನೇ ಅರಿಯದೆ ಮಾಡುತ್ತದೆಂಬುದನ್ನು ಕಂಡುಕೊಂಡಿದ್ದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದ ತಾರಾಬಾಯಿ ಮೋಡಕರು ಆ ತತ್ತ್ವವನ್ನು 1945ರಲ್ಲಿ, ಅಂದು ಥಾಣೆ ಜಿಲ್ಲೆಗೆ ಸೇರಿದ್ದ ಬೋರ್ಡಿಗೆ ತಂದು, ಅನುತಾಯಿ ವಾಘರ ನೆರವಿನಿಂದ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಕಟ್ಟಿದರು; 1957ರಲ್ಲಿ ಅದು ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಬೆಲೆಬಾಳುವ ಉಪಕರಣಗಳ ಸ್ಥಾನದಲ್ಲಿ ಕಪ್ಪೆಚಿಪ್ಪು, ಬೀಜ, ಎಲೆ, ಬೆಣಚುಕಲ್ಲುಗಳನ್ನಿರಿಸಿ, ಶಾಲೆಗೆ ಬಾರದ ಆದಿವಾಸಿ ಮಕ್ಕಳಿದ್ದೆಡೆಗೆ ಶಾಲೆಯನ್ನೇ ಒಯ್ದ ಆ ಇಬ್ಬರು ಸಾಧ್ವಿಯರ ಹೆಸರು ನಮ್ಮ ಮನೆಗಳಲ್ಲಿ ಇನ್ನಷ್ಟು ಕೇಳಿಬರಬೇಕು.

ಆ ಗುಡ್ಡದ ಸುತ್ತಣ ವಾರಲೀ ಜನರ ಭಿತ್ತಿಚಿತ್ರಗಳಲ್ಲಿಯೂ ವೃತ್ತ, ತ್ರಿಕೋನ, ಚೌಕಗಳೇ ಮೂಲಾಕೃತಿಗಳು. ತುದಿ ಜಗಿದು ಮೆತ್ತಗಾಗಿಸಿದ ಬಿದಿರುಕಡ್ಡಿಯನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ಅವರು ಬರೆಯುತ್ತಾರೆ. ಗೋಡೆಗೆ ಅಂಟಿಸಿದ ಕಂದು ಕಾಗದದ ಮೇಲೆ ನಮ್ಮ ಮಕ್ಕಳೂ ನಿಂತು ಹಾಗೆ ಬರೆಯಲಿ. ನಿಲುವಾದ ಹಾಳೆಯ ಮೇಲೆ ಬರೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗಿ ಬೆರಳುಗಳಿಗೆ ಆಧಾರ ದೊರೆಯುತ್ತದೆ.

ಮನೆಯೊಳಗೂ ಸಾಧನಗಳಿಗೆ ಕೊರತೆಯಿಲ್ಲ. ಸಮಯ ಉಳಿಸಲೆಂದು ಕಲ್ಯಾಣದ ಲೋಕಲ್‌ನ ಮಹಿಳಾ ಬೋಗಿಯಲ್ಲಿಯೇ ಬಟಾಣಿ ಸುಲಿದು ಮುಗಿಸುವ ತಾಯಂದಿರಲ್ಲಿ ನನ್ನದೊಂದು ವಿನಂತಿ: ಒಂದು ಬೊಗಸೆಯನ್ನು ಸುಲಿಯದೆ ಮಗುವಿಗಾಗಿ ಉಳಿಸಿರಿ. ಚಪಾತಿಯ ಹಿಟ್ಟನ್ನು ನಾದುವುದು, ಅಂಗಿಯ ಗುಂಡಿ ಹಾಕುವುದು, ರಂಗೋಲಿಯ ಹುಡಿಯನ್ನು ಎರಡು ಬೆರಳುಗಳಲ್ಲಿ ಹಿಡಿದು ಚುಕ್ಕಿಯಿಡುವುದು, ಅಳಗುಳಿಮಣೆಯ ಗುಳಿಗಳಿಗೆ ಹುಣಸೆಬೀಜವನ್ನು ಒಂದೊಂದಾಗಿ ಬಿಡುವುದು, ಇವೆಲ್ಲವೂ ಲೇಖನದ ಪೂರ್ವಪಾಠಗಳೇ. ತೀರ ಎಳೆಯರು ಬೀಜಗಳನ್ನು ಬಾಯಿಗಿಡದಂತೆ ಹಿರಿಯರು ಬಳಿಯಲ್ಲಿರಬೇಕು. ಎಡಗೈಯನ್ನು ಮುಂದೆ ಮಾಡುವ ಮಗುವನ್ನು ಬಲಗೈಗೆ ಬಲಾತ್ಕರಿಸುವ ಹಳೆಯ ರೂಢಿ ಮಾತ್ರ ಬೇಡ.

ವಿಜಯದಶಮಿಯಂದು ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ಸಂಸ್ಕಾರ ನಮ್ಮಲ್ಲಿ ಇಂದಿಗೂ ಇದೆ. ಆ ತಟ್ಟೆಯನ್ನು ಅಂದೇ ಎತ್ತಿಡದೆ ಕೆಲವು ತಿಂಗಳು ಹಾಗೆಯೇ ಇರಿಸಿ, ಕನ್ನಡದ ಸುತ್ತು, ಕೊಂಬು, ತಲೆಕಟ್ಟುಗಳನ್ನು ಮಗು ತನ್ನ ಇಚ್ಛೆ ಬಂದಾಗ ದೊಡ್ಡದಾಗಿ ಎಳೆದು ಅಳಿಸಲು ಬಿಡಬಹುದು. ಈ ಊರುಗಳ ಕನ್ನಡ ಸಂಘಗಳು ಮಕ್ಕಳಿಗಾಗಿ ಕನ್ನಡ ತರಗತಿಗಳನ್ನು ನಡೆಸುವುದಾದರೆ, ಮೊದಲ ಕೆಲವು ವಾರಗಳಲ್ಲಿ ಪೆನ್ಸಿಲನ್ನು ಕೊಡದೆ ಮರಳು, ಜೇಡಿಮಣ್ಣು, ಬೀಜಗಳನ್ನೇ ಮುಂದಿಡಲಿ.